ಹೊಸ್ತಿಲ ತೂಬು ಮುಚ್ಚಬೇಡಿ

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು ಎಮ್ಮೆದೊಡ್ಡಿ ಕಡೆಯ ಊರು. ಮಳೆ ಕಡಿಮೆ, ಬಿಸಿಲು ಜಾಸ್ತಿ. ಕಾರು ಸೆಕೆಂಡ್ ಹ್ಯಾಂಡ್, ಒಂಬತ್ತು ವರ್ಷ ಹಳೆಯದು. ಎಡಗಡೆ ಬಾಗಿಲುಗಳ ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದೆ, ಒಳಗೆಲ್ಲ ತುಕ್ಕು. ಪಟ್ಟಿಯ ತಳದಲ್ಲಿ ಸಣ್ಣ ತೂತುಗಳಿದ್ದವು. ನೀರು ಅಲ್ಲಿಂದಲೇ ಹತ್ತುತ್ತಿರಬೇಕು ಎಂದು ಎಂ-ಸೀಲ್ ಹಾಕಿ ಮುಚ್ಚಿದ್ದೇನೆ. ಮಲೆನಾಡಿನವರ ಕಾರಿಗೆ ತುಕ್ಕು ಹಿಡಿದರೆ ಅರ್ಥವಿದೆ, ಒಣಸೀಮೆಯ ನಮಗೇಕೆ? ಅದೂ ಎಡಗಡೆಗೆ ಮಾತ್ರ? ಒಳಗೆ ಸುಟ್ಟ ಎಂಜಿನ್ ಆಯಿಲ್ ಸುರಿದರೆ ನಿಲ್ಲುತ್ತದೆ ಎನ್ನುತ್ತಾರೆ, ಹೌದೇ?

— ಒಬ್ಬ ಓದುಗರು, ಎಮ್ಮೆದೊಡ್ಡಿ

ಉತ್ತರ: ಮೊದಲು ಆ ಎಂ-ಸೀಲ್ ಕಿತ್ತು ತೆಗೆಯಿರಿ. ಪತ್ರಿಕೆಯನ್ನು ಇಲ್ಲೇ ಮಡಿಚಿಟ್ಟು ಈಗಲೇ ಹೋಗಿ ತೆಗೆದರೆ ಇನ್ನೂ ಸಂತೋಷ, ಉಳಿದದ್ದನ್ನು ಸಂಜೆ ಓದಬಹುದು. ಆ ತೂತುಗಳನ್ನು ಕಾರು ಮಾಡಿದವರು ಬೇಕೆಂದೇ ಇಟ್ಟದ್ದು, ಒಳಗೆ ಸೇರಿದ ನೀರು ಇಳಿದುಹೋಗಲಿ ಎಂದು. ಅವು ಮುಚ್ಚಿದ ದಿನದಿಂದ ನಿಮ್ಮ ಪಟ್ಟಿಯೊಳಗೆ ಬಂದ ನೀರು ಬಂದಲ್ಲೇ ಇದೆ.

ಬಾಗಿಲು ತೆರೆದು ಒಳಗೆ ಕಾಲಿಡುವಾಗ ದಾಟುವ ಆ ಪಟ್ಟಿಗೆ ಗ್ಯಾರೇಜುಗಳಲ್ಲಿ ಸಿಲ್ ಎಂದೂ ರನ್ನಿಂಗ್ ಬೋರ್ಡ್ ಎಂದೂ ಹೇಳುತ್ತಾರೆ. ಹೊಸ್ತಿಲು ಎಂಬ ಮಾತು ನಮ್ಮಲ್ಲೇ ಇರುವಾಗ ನಾನು ಅದನ್ನೇ ಬಳಸುತ್ತೇನೆ. ಕಣ್ಣಿಗೆ ಗಟ್ಟಿ ತೊಲೆಯ ಹಾಗೆ ಕಂಡರೂ ಒಳಗೆಲ್ಲ ಟೊಳ್ಳು. ಹೊರಗೊಂದು ತಗಡು, ಒಳಗೊಂದು ತಗಡು, ಹಲವು ಕಾರುಗಳಲ್ಲಿ ನಡುವೆ ಬಲಕ್ಕೆಂದು ಮತ್ತೊಂದು. ಇವುಗಳ ಅಂಚುಗಳನ್ನು ಜೋಡಿಸಿ ಸಾಲಾಗಿ ಚುಕ್ಕೆಚುಕ್ಕೆಯಾಗಿ ಬೆಸೆದಿರುತ್ತಾರೆ. ಹೊರಗಿನ ತಗಡು ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಅಷ್ಟು ತೆಳುವಾದದ್ದು ಬಿದಿರಿನ ಹಾಗೆ ಟೊಳ್ಳು ಕೊಳವೆಯಾದಾಗ ಬಲ ಪಡೆಯುತ್ತದೆ. ಲಾರಿಗೋ ಹಳೆಯ ಜೀಪಿಗೋ ಇರುವಂಥ ಬೇರೆ ಚಾಸಿ ಇವತ್ತಿನ ಬಹುಪಾಲು ಕಾರುಗಳಿಗಿಲ್ಲ, ಮೈಯೇ ಚಾಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಭಾರ ಹೊರುವುದರಲ್ಲಿ, ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಒಳಗಿದ್ದವರನ್ನು ಕಾಯುವುದರಲ್ಲಿ ಈ ಹೊಸ್ತಿಲಿನ ಪಾಲು ದೊಡ್ಡದು. ನೀವು ಬರೆದಿರುವ ಗುಳ್ಳೆಯನ್ನು ಬಣ್ಣ ಕೆಟ್ಟ ಲೆಕ್ಕಕ್ಕೆ ಹಾಕಬೇಡಿ ಎನ್ನುವುದು ಇದಕ್ಕೇ.

ನಿಮ್ಮ ಊರಿಗೆ ಮದಗದ ಕೆರೆ ದೂರವೇನಿಲ್ಲ. ಮದಗ ಎಂದರೆ ಕೆರೆಯ ತೂಬು ಎಂಬ ಅರ್ಥವೂ ಉಂಟು. ಕೆರೆ ಕಟ್ಟಿದ ಹಿರಿಯರು ಏರಿ ಹಾಕಿ ಅಷ್ಟಕ್ಕೇ ಸುಮ್ಮನಾಗಲಿಲ್ಲ, ನೀರು ಹೊರಡುವುದಕ್ಕೆ ತೂಬು ಇಟ್ಟರು, ಕೋಡಿ ಇಟ್ಟರು. ಹೂಳು ತುಂಬಿ ತೂಬು ಕಟ್ಟಿಕೊಂಡರೆ ಏನಾಗುತ್ತದೆಂದು ಅಚ್ಚುಕಟ್ಟಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರಿನ ಹೊಸ್ತಿಲ ತಳದ ತೂತು ಅಂಥದ್ದೇ ತೂಬು. ಹೊಸ್ತಿಲೊಳಗೆ ಒಂದು ಹನಿಯೂ ಹೋಗದಂತೆ ಮಾಡಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು, ಕಾರು ಮಾಡಿದವರಿಂದಲೂ ಆಗಿಲ್ಲ. ಹೋದದ್ದು ಬೇಗ ಹೊರಬರಬೇಕು, ಉಳಿದ ತೇವ ಬೇಗ ಆರಬೇಕು. ನಮ್ಮ ಕೈಯಲ್ಲಿರುವುದು ಅಷ್ಟು.

ಒಣಸೀಮೆಯಲ್ಲಿ ನೀರು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಬಾಗಿಲಿನ ಗಾಜು ಇಳಿಯುವ ಸೀಳಿನಿಂದ ಶುರು ಮಾಡೋಣ. ಅಲ್ಲಿನ ರಬ್ಬರು ಎಷ್ಟೇ ಹೊಸದಿದ್ದರೂ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದಕ್ಕಾಗಿ ಬಾಗಿಲಿನ ತಳದಲ್ಲೂ ತೂತುಗಳಿವೆ. ದೂಳು ಕೂತು ಅವು ಕಟ್ಟಿಕೊಂಡರೆ ಬಾಗಿಲೊಳಗೆ ನೀರು ನಿಂತು, ಓಲಾಡಿ, ಒಳಬದಿಯಿಂದ ಹೊಸ್ತಿಲ ಮೇಲೆ ಸುರಿಯುತ್ತದೆ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಇರುವ ಕಾಲುವೆಯೊಂದಿದೆ. ಹೊಂಗೆ, ಬೇವು, ಹುಣಸೆ ಮರದಡಿ ನಿಲ್ಲಿಸಿದ ಕಾರಿನಲ್ಲಿ ಆ ಕಾಲುವೆ ತರಗೆಲೆಯಿಂದ ತುಂಬುತ್ತದೆ. ಹುಣಸೆ ಎಲೆ ಸಣ್ಣದಾದ್ದರಿಂದ ಎಲ್ಲಕ್ಕಿಂತ ಕಾಟ ಅದರದ್ದೇ. ಅಲ್ಲಿ ದಾರಿ ಸಿಗದ ನೀರು ಪಕ್ಕಕ್ಕೆ ಹರಿದು ಮಡ್‌ಗಾರ್ಡಿನ ಹಿಂಬದಿಯಿಂದ ಹೊಸ್ತಿಲ ಮುಂದಿನ ತುದಿಗೆ ಬಂದು ಸೇರುತ್ತದೆ.

ಇನ್ನು ನಾವೇ ತಂದು ತುಂಬುವ ನೀರು. ಆಯುಧಪೂಜೆಯ ಮುನ್ನಾದಿನ ನಮ್ಮ ಸೀಮೆಯ ಕೆರೆದಂಡೆಗಳನ್ನು ನೋಡಿದವರಿಗೆ ಗೊತ್ತು: ಟ್ರ್ಯಾಕ್ಟರು, ಬೈಕು, ಕಾರು ಎಲ್ಲವೂ ನೀರಿಗಿಳಿದಿರುತ್ತವೆ. ಚಕ್ರದ ಅರ್ಧಕ್ಕೆ ನೀರು ಬಂದರೆ ಹೊಸ್ತಿಲ ತೂತುಗಳು ಮುಳುಗಿದವು ಎಂದೇ ಲೆಕ್ಕ. ಕೆರೆಯ ಗೋಡುಮಣ್ಣು ಬೆರೆತ ನೀರು ಕೆಳಗಿನಿಂದ ಒಳಗೇರುತ್ತದೆ. ಹೊರಬರುವಾಗ ನೀರಷ್ಟೇ ಇಳಿದು ಗೋಡು ಒಳಗೇ ತಂಗುತ್ತದೆ. ಆ ಗೋಡು ಒದ್ದೆ ಗೋಣಿಚೀಲದಂತೆ ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡು ತಗಡಿಗೆ ಅಂಟಿರುತ್ತದೆ. ಅಜ್ಜಂಪುರ ಕಡೆಯ ಎರೆಮಣ್ಣಾದರಂತೂ ಕೇಳುವುದೇ ಬೇಡ. ದಯವಿಟ್ಟು ಕಾರನ್ನು ಕೆರೆಗೆ ಇಳಿಸಬೇಡಿ. ಒಂದು ಬಕೆಟ್, ಒಂದು ಚೊಂಬು, ಒಂದು ಬಟ್ಟೆ ಸಾಕು. ಕೆರೆಗೂ ಅದೇ ಒಳ್ಳೆಯದು.

ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ನೀರಿದೆ, ಇಬ್ಬನಿ. ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ನಿಮ್ಮ ಬಯಲಿನಲ್ಲಿ ಹಗಲಿಗೂ ರಾತ್ರಿಗೂ ಎಷ್ಟು ಅಂತರ! ಹಗಲಿನ ಗಾಳಿ ಹೊಸ್ತಿಲೊಳಗೆ ಸೇರಿರುತ್ತದೆ. ಬೆಳಗಿನ ಜಾವ ತಗಡು ತಣ್ಣಗಾದಾಗ ಆ ಗಾಳಿಯಲ್ಲಿದ್ದ ತೇವ ಒಳಗೋಡೆಗೆ ಹನಿಗಟ್ಟುತ್ತದೆ, ಬಿಸಿ ಅನ್ನದ ಪಾತ್ರೆಯ ಮುಚ್ಚಳಕ್ಕೆ ಹನಿ ಕೂರುವ ಹಾಗೆ. ಹೊರಗಿನ ಇಬ್ಬನಿಯನ್ನು ಒಂಬತ್ತು ಗಂಟೆಯ ಬಿಸಿಲು ಆರಿಸುತ್ತದೆ. ಒಳಗಿನದಕ್ಕೆ ಬಿಸಿಲು ಕಾಣುವುದಿಲ್ಲ, ಗಾಳಿ ಆಡದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಳೆಯೇ ಆಗಬೇಕೆಂದಿಲ್ಲ. ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು ದಾಟಿದರೆ ಬರಿಯ ಕಬ್ಬಿಣ ತುಕ್ಕಾಗುವ ವೇಗ ಹೆಚ್ಚುತ್ತದೆ. ಉಪ್ಪು ತಾಗಿದ್ದರೆ ಅಷ್ಟೂ ಬೇಕಿಲ್ಲ.

ಉಪ್ಪಿನ ಮಾತಿಗೆ ಬಂದೆ. ವಿದೇಶಗಳ ವಿಡಿಯೊಗಳಲ್ಲಿ ಹೊಸ್ತಿಲ ತುಕ್ಕಿನ ಬಗ್ಗೆ ಏನೇ ಹೇಳಿದರೂ ಸುತ್ತಿ ಬಳಸಿ ರಸ್ತೆಯ ಉಪ್ಪಿಗೆ ಬರುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಹಾಕುತ್ತಾರೆ. ನಮ್ಮಲ್ಲಿ ಆ ಪಾಡಿಲ್ಲ, ಕರಾವಳಿಯಲ್ಲಿ ಓಡಿದ ಕಾರುಗಳನ್ನು ಬಿಟ್ಟರೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಆದ್ದರಿಂದ ಅದರ ಆರ್‌ಸಿ ತೆಗೆದು ಮೊದಲು ಎಲ್ಲಿ ನೋಂದಣಿಯಾಗಿತ್ತೆಂದು ನೋಡಿ. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾಗಿದ್ದರೆ ಕಾಯಿಲೆ ನಿಮ್ಮ ಮನೆಗೆ ಬರುವ ಮೊದಲೇ ಹತ್ತಿರಬಹುದು.

ಆದರೆ ಹಳ್ಳಿಯ ಕಾರಿಗೆ ಹಳ್ಳಿಯದೇ ಉಪ್ಪುಗಳಿವೆ, ಆ ವಿಡಿಯೊಗಳಲ್ಲಿ ಯಾರೂ ಅವನ್ನು ಹೇಳುವುದಿಲ್ಲ. ಎಮ್ಮೆದೊಡ್ಡಿ, ಹೆಸರಿನಲ್ಲೇ ದೊಡ್ಡಿ ಇರುವ ಊರು. ಅತ್ತ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ, ಸುತ್ತೆಲ್ಲ ಕಾವಲುಗಳು. ಇಂಥ ಸೀಮೆಯಲ್ಲಿ ಕಾರಿಗೆಂದು ಬೇರೆ ಮನೆ ಕಟ್ಟುವವರು ಕಡಿಮೆ, ಕೊಟ್ಟಿಗೆಯ ಒಂದು ಅಂಕಣವೇ ಅದರ ಜಾಗ. ಗಂಜಲದಲ್ಲಿ ಉಪ್ಪಿನಂಶವಿದೆ. ಕೊಟ್ಟಿಗೆಯ ನೆಲ ಸದಾ ತೇವ, ಗಾಳಿಯೂ ತೇವ. ಕೊಟ್ಟಿಗೆಯ ಕಬ್ಬಿಣದ ಗೂಟವೋ ತಗಡಿನ ಬಾಗಿಲೋ ಗಂಜಲ ಸಿಡಿಯುವ ಎತ್ತರಕ್ಕೆ ಸರಿಯಾಗಿ ತಿಂದುಹೋಗಿರುವುದನ್ನು ನೀವೇ ಕಂಡಿರಬೇಕು. ನಿಮ್ಮ ಕಾರಿನ ಹೊಸ್ತಿಲೂ ಅದೇ ಎತ್ತರದಲ್ಲಿದೆ.

ಮತ್ತೊಂದು, ಗೊಬ್ಬರ. ತೆಂಗು, ಅಡಿಕೆಗೆ ಹಾಕುವ ಪೊಟ್ಯಾಷ್ ರಾಸಾಯನಿಕವಾಗಿ ನಮ್ಮ ಅಡುಗೆ ಉಪ್ಪಿನ ಅಣ್ಣತಮ್ಮ: ಇದು ಸೋಡಿಯಂ ಕ್ಲೋರೈಡ್, ಅದು ಪೊಟ್ಯಾಸಿಯಂ ಕ್ಲೋರೈಡ್. ಕಡೂರಿನಿಂದ ಎರಡು ಚೀಲವನ್ನು ಹಿಂದಿನ ಸೀಟಿನಡಿ ತಂದಾಗ ಹೊಲಿಗೆ ಬಿಟ್ಟು ಒಂದು ಹಿಡಿ ಚೆಲ್ಲಿದರೆ ಅದು ಮ್ಯಾಟಿನ ಕೆಳಗೆ ಸೇರಿ, ಗಾಳಿಯ ತೇವ ಹೀರಿ, ನೀರಾಗಿ ಹೊಸ್ತಿಲಿನ ಒಳತಗಡಿಗೆ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತ. ಕಾಫಿ, ಅಡಿಕೆ ತೋಟದವರು ಅದಕ್ಕೆ ಸುಣ್ಣ ಬೆರೆಸಿ ಬೋರ್ಡೋ ಮಿಶ್ರಣ ಮಾಡಿದ ಮೇಲೆ ಹೊಳಪು ಕುಡುಗೋಲನ್ನು ಅದರಲ್ಲಿ ಅದ್ದಿ ನೋಡುವುದುಂಟು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಕೂತಷ್ಟೂ ಕಬ್ಬಿಣ ಕರಗಿದೆ. ಕುಡುಗೋಲಿನಲ್ಲಿ ಕಣ್ಣೆದುರು ನಡೆಯುವ ಅದೇ ಕೆಲಸ, ಮೈಲುತುತ್ತದ ಪೊಟ್ಟಣ ಒಡೆದ ಕಾರಿನ ತಳದಲ್ಲಿ ಕಾಣದಂತೆ ನಡೆಯುತ್ತದೆ. ಇಂಥವನ್ನು ತರಲೇಬೇಕಾದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲೋ ದೊಡ್ಡ ಟಬ್ಬಿನಲ್ಲೋ ಇಟ್ಟು ತನ್ನಿ. ಚೆಲ್ಲಿದ್ದರೆ ಮ್ಯಾಟ್ ಎತ್ತಿ, ಒದ್ದೆ ಬಟ್ಟೆಯಲ್ಲಿ ಮೂರು ನಾಲ್ಕು ಸಲ ಒರೆಸಿ, ಬಿಸಿಲಿಗೆ ಬಾಗಿಲು ತೆರೆದಿಡಿ.

ಎಡಗಡೆಗೆ ಮಾತ್ರ ಏಕೆ ಎಂಬುದು ಒಳ್ಳೆಯ ಪ್ರಶ್ನೆ. ನಾವು ಓಡಿಸುವುದು ರಸ್ತೆಯ ಎಡಕ್ಕೆ. ನಿಮ್ಮ ಕಡೆಯ ಒಂದೇ ಗಾಡಿ ಹಿಡಿಸುವ ಡಾಂಬರು ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಎಡಚಕ್ರಗಳು ಮಣ್ಣಿಗಿಳಿಯುತ್ತವೆ. ಮುಂದಿನ ಎಡಚಕ್ರ ಎರಚುವ ಮರಳು, ಜಲ್ಲಿ, ಕೆಸರು ನೇರವಾಗಿ ಎಡ ಹೊಸ್ತಿಲಿಗೆ ಬಡಿಯುತ್ತದೆ. ಮೊದಲು ಜಲ್ಲಿ ಬಣ್ಣ ಹಾರಿಸುತ್ತದೆ, ಆಮೇಲೆ ಕೆಸರು ಆ ಗಾಯದ ಮೇಲೆ ಕೂರುತ್ತದೆ. ಜೊತೆಗೆ ನಿಲ್ಲಿಸುವ ಜಾಗವನ್ನೂ ನೋಡಿ. ಇಳಿಯಲು ಅನುಕೂಲವೆಂದು ಡ್ರೈವರ್ ಬಾಗಿಲನ್ನು ಬಯಲಿಗೆ ಬಿಟ್ಟು ಎಡಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸುವುದು ವಾಡಿಕೆ. ಹಾಗೆ ನಿಲ್ಲಿಸುತ್ತಿದ್ದರೆ ಆ ಬದಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ದಿನ ಬಿಟ್ಟು ದಿನ ಮುಖ ತಿರುಗಿಸಿ ನಿಲ್ಲಿಸುವುದಕ್ಕೆ ಕಾಸು ಖರ್ಚಿಲ್ಲ.

ತುಕ್ಕಿನ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ನಿಮ್ಮ ಪಕ್ಕದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ನೆನಪಾಗುತ್ತದೆ. ಇಂದು ಅದು ಪ್ರವಾಸಿಗಳ ಜಾಗ. ಹಿಂದೆ ಆ ಬೆಟ್ಟದ ಅದಿರು ತೂಗುಹಗ್ಗದ ತೊಟ್ಟಿಗಳಲ್ಲಿ ಕೆಳಗಿಳಿದು ಭದ್ರಾವತಿಯ ಕಾರ್ಖಾನೆ ಸೇರುತ್ತಿತ್ತು. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿದಾಗ ಉರಿಸಿದ್ದು ಮಲೆನಾಡಿನ ಕಾಡಿನ ಇದ್ದಿಲು. ಆ ಕೆಮ್ಮಣ್ಣು ಎಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ್ದು. ಅಷ್ಟೊಂದು ಇದ್ದಿಲು ಸುಟ್ಟು ಅವೆರಡನ್ನು ಬೇರ್ಪಡಿಸಿದ್ದಕ್ಕೆ ಕಬ್ಬಿಣ ಸಿಕ್ಕಿತು. ಹಾಗೆ ಬಲವಂತವಾಗಿ ಬೇರೆಯಾದದ್ದು ನೀರು, ಗಾಳಿ ಸಿಕ್ಕೊಡನೆ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ ಉಗುರಿಗೆ ಹತ್ತಿದ ಕೆಂಪು ಪುಡಿ ಕೆಮ್ಮಣ್ಣುಗುಂಡಿಯ ಮಣ್ಣಿನ ಹತ್ತಿರದ ನೆಂಟ. ಅದು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗ ಬೇಡುತ್ತದೆ, ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುವುದು ಆ ಉಬ್ಬರವೇ. ಅಲ್ಯೂಮಿನಿಯಂ ಮೇಲೆ ಕೂರುವ ಪೊರೆ ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಪುಡಿಪುಡಿ, ಸ್ಪಂಜಿನಂತೆ ನೀರು ಹೀರಿ ಕೆಳಗಿನ ಪದರಕ್ಕೆ ಕೊಡುತ್ತದೆ. ಹಾಗಾಗಿ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಬಹಳ ಕೆಲಸ ಮುಗಿದಿರುತ್ತದೆ.

ಈಗ ನಿಮ್ಮ ಹೊಸ್ತಿಲು ಎಷ್ಟು ಉಳಿದಿದೆ ಎಂದು ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಖಣಿಲ್ ಎನ್ನುತ್ತದೆ, ಕೆಟ್ಟದ್ದು ಮಂಕಾಗಿ ಮಾತಾಡುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ಕೊಳ್ಳುವ ಕಿವಿಗೆ ಇದು ಕಷ್ಟವಲ್ಲ. ಹೆಬ್ಬೆರಳಿನಿಂದ ಒತ್ತಿ. ಮ್ಯಾಟ್, ಅದರಡಿಯ ಕಾರ್ಪೆಟ್ ಎತ್ತಿ ಕೈಯಾಡಿಸಿ, ಮೂಸಿ ನೋಡಿ, ಮುಗ್ಗಲು ವಾಸನೆಯಿದ್ದರೆ ನೀರು ಒಳಗಿನಿಂದಲೂ ಬರುತ್ತಿದೆ. ಜಾಕ್ ಕೊಡುವ ಜಾಗವನ್ನು ತಪ್ಪದೆ ನೋಡಿ. ಅಲ್ಲಿ ತಗಡು ಮೆತ್ತಗಾಗಿದ್ದರೆ ಯಾವ ಕಾರಣಕ್ಕೂ ಅಲ್ಲಿ ಜಾಕ್ ಕೊಡಬೇಡಿ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ, ಹೊಸ್ತಿಲು ಗಟ್ಟಿಯಿರಲಿ ಇಲ್ಲದಿರಲಿ, ತಲೆ ಹಾಕಬೇಡಿ.

ತೂತುಗಳನ್ನು ಬಿಡಿಸಲು ಮೊನೆಯಿರುವ ಕಬ್ಬಿಣದ ತಂತಿ ಬೇಡ, ಬಣ್ಣ ಗೀರಿ ಹೊಸ ಗಾಯವಾಗುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಆಗಬಹುದು, ತೆಂಗಿನಗರಿಯ ಕಡ್ಡಿಯೂ ಆಗಬಹುದು. ಒಳಗಿಂದ ಒಣಮಣ್ಣಿನ ಗಟ್ಟಿ ಉಂಡೆ ಉದುರಿದರೆ ಅಚ್ಚರಿಪಡಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳಕ್ಕೆ ಇಂಥ ತೂತು ಕಂಡರೆ ಬಲು ಪ್ರೀತಿ, ಕೆಲವು ವಾರ ನಿಂತಲ್ಲೇ ನಿಂತ ಕಾರಿನ ತೂತುಗಳನ್ನು ಅದು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ಬಾಗಿಲಿನ ತಳದ ತೂತುಗಳನ್ನೂ ಹೀಗೇ ಬಿಡಿಸಿ. ಹೊಸ್ತಿಲಿನಲ್ಲಿ ದೊಡ್ಡ ತೂತುಗಳಿಗೆ ರಬ್ಬರ್ ಬಿರಡೆಗಳಿದ್ದರೆ ಅವು ಬೇರೆ. ಒಣಗಿಸುವಾಗ ಬಿಚ್ಚಿ, ಕೆಲಸ ಮುಗಿದ ಮೇಲೆ ಮರೆಯದೆ ಹಾಕಿ. ಸದಾ ತೆರೆದಿರಬೇಕಾದದ್ದು ತೀರ ತಳದ ಸಣ್ಣ ಸೀಳುಗಳು.

ಒಣಗಿಸುವ ವಿಷಯದಲ್ಲಿ ಮಾತ್ರ ನೀವು ಭಾಗ್ಯವಂತರು. ಮುಳ್ಳಯ್ಯನಗಿರಿಯ ಆಚೆಯವರಿಗೆ ಸಿಗದ ಬಿಸಿಲು ನಿಮಗೆ ಪುಕ್ಕಟೆ ಸಿಗುತ್ತದೆ. ಶಿವರಾತ್ರಿ ಕಳೆದ ಮೇಲೆ, ಮುಂಗಾರಿನ ಮೊದಲ ಗುಡುಗಿಗೆ ಮೊದಲು, ಕಾರನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಬಿರಡೆ ಬಿಚ್ಚಿ, ಮೂರು ನಾಲ್ಕು ದಿನ ಒಣಗಲು ಬಿಡಿ. ಬ್ಯಾಟರಿ ಇಳಿಯದಂತೆ ಒಳಗಿನ ದೀಪ ಆರಿಸಿರಿ. ಗಾಳಿ ಹಿಡಿಯುವ ಅಂಗಡಿಯವರ ಕಂಪ್ರೆಸರಿನಿಂದ ಒಳಗೆ ಗಾಳಿ ಊದಿಸಿದರೆ ಸಡಿಲವಾದ ತುಕ್ಕಿನ ಹಕ್ಕಳೆ, ದೂಳು ಹೊರಬರುತ್ತವೆ. ಕಣ್ಣಿಗೆ ಕನ್ನಡಕವಿರಲಿ.

ಆಮೇಲೆ ಮೇಣ. ಟೊಳ್ಳಿನೊಳಗೆ ಸಿಂಪಡಿಸುವುದಕ್ಕೆಂದೇ ತೆಳುವಾದ ಮೇಣ ಡಬ್ಬಿಗಳಲ್ಲಿ ಬರುತ್ತದೆ, ಕ್ಯಾವಿಟಿ ವ್ಯಾಕ್ಸ್ ಎಂದು ಕೇಳಿದರೆ ಕೊಡುತ್ತಾರೆ. ಉದ್ದ ಕೊಳವೆ, ತುದಿಯಲ್ಲಿ ಸುತ್ತಲೂ ಚಿಮ್ಮುವ ಮೂತಿ ಇರುವುದನ್ನೇ ಕೊಳ್ಳಿ. ಕೊಳವೆಯನ್ನು ತುದಿಯವರೆಗೆ ತೂರಿಸಿ ಸಿಂಪಡಿಸುತ್ತ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಅದು ಎರಡು ತಗಡು ಕೂಡುವ ಸಂದಿಗೆ ಹರಿದು, ಆರಿದ ಮೇಲೂ ಮೆತ್ತಗಿದ್ದು, ಬಿರುಕು ಬಿಡದೆ ಉಳಿಯುತ್ತದೆ. ಕಾರ್ಖಾನೆಯಲ್ಲಿ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಹತ್ತಿಸುವ ಬಣ್ಣದ ಪೊರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಸಂದಿಗಳಲ್ಲಿ ಅದು ಇನ್ನೂ ತೆಳುವಾಗಿರಬಹುದು, ಮೇಣದ ಉಪಕಾರ ಅಲ್ಲಿ. ಒದ್ದೆಯಿದ್ದಾಗ ಸಿಂಪಡಿಸಿದರೆ ಮಾತ್ರ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ. ಮುಗಿದ ಮರುದಿನ ತಳದ ತೂತುಗಳಲ್ಲಿ ಮೇಣ ಕಟ್ಟಿದೆಯೇ ನೋಡಿ ಮತ್ತೆ ಬಿಡಿಸಿ. ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ಸಾಕೆಂಬುದು ನನ್ನ ಅನುಭವ.

ಸುಟ್ಟ ಆಯಿಲ್ ಬೇಡ. ನೇಗಿಲ ಗುಳಕ್ಕೆ, ಗುದ್ದಲಿಗೆ ಹಚ್ಚಿ ಅಟ್ಟಕ್ಕೆ ಹಾಕುವ ವಾಡಿಕೆಯಿಂದ ಈ ಸಲಹೆ ಬಂದಿದೆ, ಹೇಳಿದವರ ಮನಸ್ಸು ಕೆಟ್ಟದ್ದಲ್ಲ. ಆದರೆ ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲವಿರುತ್ತದೆ, ನೀರಿನಂಶವಿರುತ್ತದೆ. ಬಾಗಿಲ ರಬ್ಬರನ್ನು ಅದು ಉಬ್ಬಿಸುತ್ತದೆ, ದೂಳು ಹಿಡಿದು ಜಿಡ್ಡುಮಣ್ಣಾಗಿ ತೂತು ಕಟ್ಟುತ್ತದೆ, ಉಳಿದದ್ದು ತೊಟ್ಟಿಕ್ಕಿ ನಿಮ್ಮದೇ ಹಿತ್ತಲ ನೆಲಕ್ಕೆ, ಮಳೆ ಬಂದರೆ ಬಾವಿಗೆ ಹೋಗುತ್ತದೆ. ಟೊಳ್ಳಿಗೆ ಉಬ್ಬುವ ಫೋಮ್ ತುಂಬಿಸುವುದೂ ಬೇಡ, ಅದು ನೀರನ್ನು ತಗಡಿಗೆ ಒತ್ತಿ ಹಿಡಿಯುತ್ತದೆ. ಕೆಳಗಡೆ ದಪ್ಪಗೆ ಬಳಿಯುವ ಕಪ್ಪು ಡಾಂಬರಿನಂಥ ಕೋಟಿಂಗ್ ಜಲ್ಲಿಯ ಏಟಿಗೆ ಒಳ್ಳೆಯದೇ, ಆದರೆ ತುಕ್ಕಿನ ಮೇಲೆಯೇ ಬಳಿಸಿದರೆ ಬಿರುಕಿನಲ್ಲಿ ನೀರು ಹೊಕ್ಕು ಅದರ ಮರೆಯಲ್ಲೇ ಎಲ್ಲವೂ ತಿಂದುಹೋಗುತ್ತದೆ.

ತಟ್ಟಿದಾಗ ತಗಡು ತೂತಾದರೆ ಇದು ಮೇಣದ ಕೆಲಸವಲ್ಲ, ವೆಲ್ಡಿಂಗ್ ಕೆಲಸ. ಅಲ್ಲಿ ಒಂದು ಮಾತಿಗೆ ಗಟ್ಟಿಯಾಗಿ ನಿಲ್ಲಿ: ಕೆಟ್ಟ ತಗಡನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಕೂರಿಸಿ ಬೆಸೆಯಬೇಕು. ತುಕ್ಕಿನ ಮೇಲೆ ತೇಪೆ ಹಾಕಿ, ಪುಟ್ಟಿ ಬಳಿದು, ಉಜ್ಜಿ ಬಣ್ಣ ಹೊಡೆದರೆ ಎರಡು ದೀಪಾವಳಿಯೂ ನೋಡುವುದಿಲ್ಲ. ನಾನೂ ಒಮ್ಮೆ ಅಂಥ ಚಂದಕ್ಕೆ ಮರುಳಾಗಿ ಹಣ ಕೊಟ್ಟಿದ್ದೇನೆ. ವರ್ಷದೊಳಗೆ ಪುಟ್ಟಿ ಹಲಗೆಯಂತೆ ಕಳಚಿ ಕೈಗೆ ಬಂದಿತ್ತು, ಅದರ ಹಿಂದೆ ಹೊಸ್ತಿಲೆಂಬುದೇ ಇರಲಿಲ್ಲ. ಬೆಸೆದು, ಪ್ರೈಮರ್ ಬಳಿದು, ಬಣ್ಣ ಒಣಗಿದ ಮೇಲೆ ಒಳಗೆ ಮೇಣ. ಈ ಕ್ರಮ ತಿರುಗುಮುರುಗಾಗಬಾರದು, ಮೇಣಕ್ಕೆ ಬೆಂಕಿ ಹತ್ತುತ್ತದೆ. ಹಿಂದಿನ ಒಡೆಯರು ಮೇಣ ಹಾಕಿಸಿದ್ದರೋ ಏನೋ ತಿಳಿಯದ್ದರಿಂದ ಬೆಸೆಯುವವರಿಗೆ ಮೊದಲೇ ಹೇಳಿ, ಕಾರ್ಪೆಟ್ ಬಿಚ್ಚಿಸಿ, ಬ್ಯಾಟರಿ ಕಳಚಿಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ನಿಮ್ಮ ಕಾರಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಒಯ್ಯುವ ಕಾಲಕ್ಕೂ ಈ ಕೆಲಸ ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಮುಂಗಾರಿನ ಮೊದಲ ಜೋರು ಮಳೆಗೆ ಕಾರನ್ನು ಅಂಗಳದಲ್ಲೇ ನೆನೆಯಲು ಬಿಡಿ. ಮಳೆ ನಿಂತ ಕೂಡಲೇ ಎರಡೂ ಹೊಸ್ತಿಲುಗಳ ಕೆಳಗೆ ಹಳೆಯ ಬಿಳಿ ಪಂಚೆಯ ತುಂಡು ಹಾಸಿ. ಬೆಳಿಗ್ಗೆ ಅದರ ಮೇಲೆ ತಿಳಿನೀರಿನ ಕಲೆಯಿದ್ದರೆ ತೂಬು ಹರಿಯುತ್ತಿದೆ. ಕೆಂಪು ಕಲೆಯಿದ್ದರೆ ಒಳಗೆ ತುಕ್ಕು ಇನ್ನೂ ಬಾಕಿ ಇದೆ, ಮುಂದಿನ ಬೇಸಿಗೆಗೆ ಮತ್ತೊಮ್ಮೆ ಮೇಣ ಬೇಕು. ಮಳೆ ಬಿದ್ದೂ ಬಟ್ಟೆ ಪೂರ್ತಿ ಒಣಗಿಯೇ ಇದ್ದರೆ ತೆಂಗಿನಕಡ್ಡಿ ಹಿಡಿದು ಮತ್ತೆ ಕೆಳಗೆ ಬಗ್ಗಿ ತೂತುಗಳನ್ನು ನೋಡಿ.